ರಕ್ಕಸನ ಗಂಟಲಲ್ಲಿ ಸಿಕ್ಕಿದ ಮೂರು ಇಂಗ್ಲೀಷು ಮಾತು

“ಮುಗಿಲುಕೋಟೆಯ ದೊರೆ ಹಾಲಪ್ಪನಾಯಕರ ಅಪ್ಪಣೆ, ಕೇಳ್ರಪ್ಪೋ ಕೇಳಿ. ಕೋಟೆ ಬಾಗಿಲಲ್ಲಿ ಕೂತಿರೋ ರಕ್ಕಸನ ಮೂರು ಮಾತಿಗೆ ಪ್ರಾಸ ಕೂಡಿಸಿದವನಿಗೆ ಅರ್ಧ ರಾಜ್ಯ, ಮೇಲೆ ಮಗಳು ನೀಲಮ್ಮಣ್ಣಿ. ತಪ್ಪಿದವನ ತಲೆ ರಕ್ಕಸನಿಗೆ. ಅಮಾವಾಸ್ಯೆಯೊಳಗೆ ಯಾರೂ ಗೆಲ್ಲದಿದ್ದರೆ ಅಮ್ಮಣ್ಣಿಯೇ ಅವನ ಬಾಯಿಗೆ.”

ಹೀಗಂತ ಡಂಗುರ ಹೊಡೆದವನ ಪಕ್ಕದಲ್ಲೇ ನಾನಿದ್ದೆ. ಆಗ ನನ್ನ ಮೈಕಟ್ಟು ಹೇಗಿತ್ತಪ್ಪಾ ಅಂದರೆ, ನಾನು ಕೆಮ್ಮಿದರೆ ಮೂರು ಹಳ್ಳಿಯ ಎಮ್ಮೆಗಳು ಹಗ್ಗ ಕಿತ್ತುಕೊಂಡು ಓಡುತ್ತಿದ್ದವು.

ಆ ರಕ್ಕಸ ಒಬ್ಬ ಸಾಹೇಬನನ್ನು ಟೋಪಿ, ಬೂಟು, ಪುಸ್ತಕದ ಪೆಟ್ಟಿಗೆ ಸಮೇತ ನುಂಗಿಬಿಟ್ಟಿದ್ದ. ಸಾಹೇಬ ಅರಗಿದ. ಪುಸ್ತಕದೊಳಗಿನ ಮೂರು ಉದ್ದನೆಯ ಮಾತು ಮಾತ್ರ ಗಂಟಲಿಗೆ ಅಡ್ಡ ಬಿದ್ದು ಕೊರಳು ಹುಲ್ಲಿನ ಬಣವೆಯಷ್ಟು ಊದಿತು. ಪ್ರಾಸ ಕೂಡಿದರೆ ಮಾತ್ರ ಅವು ಹೊರಗೆ ಬೀಳುವುದು. ಆ ಉರಿಗೆ ಕಂಡಕಂಡವರನ್ನು ಸಿಗಿದು, ತಲೆಗಳನ್ನು ಬಾಗಿಲ ಮೊಳೆಗೆ ಸಿಕ್ಕಿಸುತ್ತಿದ್ದ.

ಮೊದಲು ಬಂದವನು ಪಂಡಿತ ಗುಂಡಾವಧಾನಿ. ರಕ್ಕಸ ಕೇಳಿದ: “ನನ್ನ ಗಂಟಲಲ್ಲಿ ಎಲೆಕ್ಟ್ರಿಸಿಟಿ ಅನ್ನೋದು ಮುಳ್ಳಾಗಿದೆ. ಅದಕ್ಕೆ ಕೂಡೋ ಪ್ರಾಸ ಯಾವುದು? ಹೇಳಿದ್ದು ನಿಜವೂ ಆಗಿರಬೇಕು.”

ಪಂಡಿತ ಶಾಲು ಸರಿಮಾಡಿಕೊಂಡ. “ನಮ್ಮ ಕಾವ್ಯದಲ್ಲಿ ಪ್ರಾಸ ಕೂರುವುದು ಎರಡನೇ ಅಕ್ಷರದಲ್ಲಿ. ನಿನ್ನ ಮಾತಿನಲ್ಲಿ ಅದು ‘ಲೆ’. ಆದ್ದರಿಂದ ತಲೆ.”

“ಬಾಲ ಕೇಳಿದರೆ ತಲೆ ಕೊಡ್ತೀಯಾ? ಕೊಡು,” ಅಂದ ರಕ್ಕಸ. ಮಾವಿನಕಾಯಿ ತೊಟ್ಟು ಮುರಿದ ಹಾಗೆ ಲಟಕ್ಕಂತ ಮುರಿದ.

ಆಮೇಲೆ ಬಂದ ಪಾಳೇಗಾರರ ಹುಡುಗ ಮೀಸೆ ತಿರುವಿ, “ಎಲೆಕ್ಟ್ರಿಸಿಟಿಗೆ ಎಲೆಕ್ಟ್ರಿಸಿಟಿಯೇ ಜೋಡಿ” ಅಂದ. “ಒಂದನ್ನೇ ಎರಡು ಸಲ ಅಂದೆ. ನಾನೂ ಒಬ್ಬನನ್ನೇ ಎರಡು ಮಾಡ್ತೀನಿ,” ಅಂತ ರಕ್ಕಸ ಅವನನ್ನು ನೆತ್ತಿಯಿಂದ ಸೀಳಿದ. ಇನ್ನು ನಾಲ್ವರ ಗತಿ ಹೇಳಿದರೆ ನಿಮಗೆ ಅನ್ನ ಸೇರುವುದಿಲ್ಲ. ಏಳನೆಯವನು ಕೋಟೆಗೆ ಕಲ್ಲು ಎಳೆಯುವ ದುರುಗನ ಅಣ್ಣ ಕರಿಯ. ಬಾಯಿ ತೆರೆಯುವ ಮೊದಲೇ ಅವನ ಕರುಳು ನೆಲದಲ್ಲಿತ್ತು, ತಲೆ ಮೊಳೆಯಲ್ಲಿತ್ತು.

ಮಾರನೆಯ ದಿನ ದುರುಗ ಬಂದ. ಹಿಂದೆ ಇಪ್ಪತ್ತು ಜನ, ಒಂದು ಹಗ್ಗ. ಕಲ್ಲು ಎಳೆಯುವವರ ಕ್ರಮ ನಿಮಗೆ ಗೊತ್ತಲ್ಲ, ಒಬ್ಬ ಸಾಲು ಹೇಳಬೇಕು, ಉಳಿದವರು ಸಾಲಿನ ಬಾಲವನ್ನು ಕೂಗಿ ಒಟ್ಟಿಗೆ ಜಗ್ಗಬೇಕು. ಬಾಲ ಕೂಡದಿದ್ದರೆ ಕಲ್ಲು ಹಿಂದಕ್ಕೆ ಜಾರಿ ಅರೆಯುತ್ತದೆ.

“ಹಗ್ಗ ಜಗ್ಗದೆ ನನಗೆ ಪದ ಹುಟ್ಟಲ್ಲ ಮಾವ,” ಅಂದ ದುರುಗ. “ಇಲ್ಲಿ ಕಲ್ಲೂ ಇಲ್ಲ. ನಿನ್ನ ಕೊರಳಿಗೇ ಹಾಕ್ಲಾ?”

“ಹಾಕೋ ಅಳಿಯ. ನನಗದು ಉಡುದಾರಕ್ಕೂ ಸಾಲದು,” ಅಂತ ರಕ್ಕಸ ನಕ್ಕು ಕೊರಳು ಚಾಚಿದ. “ಎಲೆಕ್ಟ್ರಿಸಿಟಿಗೆ ಹೇಳು.”

“ನಿನ್ನ ಗಡ್ಡದಿಂದ ನಮ್ಮಣ್ಣನ ನೆತ್ತರು ಪಿಟಿಪಿಟಿ.”

“ಪಿಟಿಪಿಟಿ,” ಅಂದರು ಇಪ್ಪತ್ತು ಜನ, ಜಗ್ಗಿದರು. ರಕ್ಕಸ ಕೆಮ್ಮಿದ, ಮಾತು ಕಪ್ಪೆಯ ಹಾಗೆ ಹೊರಗೆ ಹಾರಿತು. ಕೊರಳು ಅರ್ಧ ಇಳಿಯಿತು.

“ಎರಡನೆಯದು ಇನ್ನೂ ಉದ್ದ. ಎನ್‌ಸೈಕ್ಲೋಪೀಡಿಯಾ ಅಂತ. ಅದಕ್ಕೇನು ಕೂಡುತ್ತೆ?”

“ಮೂಗಲ್ಲಿ ಹೊಗೆ ಬರ್ತಿದೆಯಲ್ಲ ಮಾವ, ಸೇದಿದ್ದು ಬೀಡಿಯಾ?”

“ಬೀಡಿಯಾ,” ಅಂತ ಜಗ್ಗಿದರು. ಅದೂ ಹಾರಿತು. ಕೊರಳು ಬಾಳೆದಿಂಡಿನಷ್ಟಾಯಿತು. ಸುಖಕ್ಕೆ ರಕ್ಕಸ ಕಣ್ಣು ಮುಚ್ಚಿದ್ದ.

“ಕೊನೆಯದು. ಈ ಸೂಪರಿಂಟೆಂಡೆಂಟು ಅನ್ನೋದಕ್ಕೆ ಒಂದೇ ಒಂದು ಮಾತು ಸಾಲಲ್ಲ ಕಣೋ, ಆ ಏಳು ಜನರಲ್ಲಿ ಒಬ್ಬನೂ ಇಲ್ಲೀತನಕ ಬರಲಿಲ್ಲ. ಏನು ಹೇಳ್ತೀಯ?”

“ಸಾಲದಿದ್ದರೆ ಎರಡನ್ನು ಕಟ್ಟೋಣ. ಈ ಬಾಗಿಲಲ್ಲಿ ಬಿದ್ದದ್ದು ಮಂಡೆಂಟು.”

ಮಾತು ಹೊರಗೆ ಹಾರಿತು. ರಕ್ಕಸ ಕಣ್ಣು ಬಿಟ್ಟು ಮೊಳೆಗಳ ಕಡೆ ನೋಡಿದ. “ಮಂಡೆ ಇರೋದು ಏಳು. ಸುಳ್ಳು ಹೇಳಿ ಸಿಕ್ಕಿಬಿದ್ದೆ. ಎಂಟನೇದು ನಿಂದೇ.” ಉಗುರು ದುರುಗನ ಎದೆಗೆ ನಾಟಿತು.

“ನಮ್ಮವರು ಇನ್ನೂ ಜಗ್ಗಿಲ್ಲ ಮಾವ.”

“ಮಂಡೆಂಟು,” ಅಂದರು ಇಪ್ಪತ್ತು ಜನ. ಹಗ್ಗದ ತುದಿ ಹಿಡಿದವನು ನಾನೇ, ಬೇರೆ ಯಾರಾದರೂ ತಾನು ಅಂದರೆ ನಂಬಬೇಡಿ. ಮಾತುಗಳು ಹೋಗಿ ಕೊರಳು ಕೋಳಿ ಕತ್ತಿನಷ್ಟಾಗಿತ್ತು. ತಲೆ ಕಿತ್ತು ಬಂದು ಉರುಳುತ್ತಾ ಅರಮನೆ ಮೆಟ್ಟಿಲು ಮುಟ್ಟಿತು. ನೆತ್ತರಿಗೆ ಕೋಟೆಯ ಕಂದಕ ತುಂಬಿತು.

ದೊರೆ ಇಳಿದು ಬಂದು ಕೇಳಿದ, “ಅಷ್ಟು ಜನಕ್ಕೆ ತಿಳಿಯದ್ದು ನಿನಗೆ ಹೇಗಪ್ಪ ತಿಳಿಯಿತು?”

“ಪಂಡಿತರು ಮಾತಿನ ತಲೆ ಹಿಡಿದರು ಬುದ್ಧಿ, ನಾವು ಬಾಲ ಹಿಡಿಯೋರು. ಸಿಟಿಗೆ ಪಿಟಿ, ಪೀಡಿಯಾಗೆ ಬೀಡಿಯಾ. ಮೂರನೆಯದಕ್ಕೆ ಮಂಡೆ, ಎಂಟು, ಎರಡನ್ನೂ ಒಂದೇ ಉಸಿರಲ್ಲಿ ಬೆಸೆದೆ. ಲೆಕ್ಕ ಆಮೇಲೆ ಸರಿಹೋಯ್ತು.”

“ಆ ಮಾತುಗಳ ಅರ್ಥ?” ಅಂತ ನೀಲಮ್ಮಣ್ಣಿ ಕೇಳಿದಳು.

“ನನಗೆ ಗೊತ್ತಿಲ್ಲ ಅಮ್ಮಣ್ಣಿ. ಕಲ್ಲಿಗೂ ನಾವು ಅರ್ಥ ಕೇಳಲ್ಲ, ಎಳೀತೀವಿ.”

ಅವಳು ನಕ್ಕಳು. ದೊರೆ ಅರ್ಧ ರಾಜ್ಯದ ಮುದ್ರೆಯುಂಗುರ ತೆಗೆದು ಚಾಚಿದ. ದುರುಗ ಕೈ ನೀಡಲಿಲ್ಲ. ಎದೆಯ ಗಾಯ ಒತ್ತಿ ಹಿಡಿದು ಬಾಗಿಲ ಕಡೆ ತಿರುಗಿದ. “ಆಮೇಲೆ ಕೊಡುವಿರಂತೆ ಬುದ್ಧಿ. ಮೊದಲು ಒಂದು ಏಣಿ ತರಿಸಿ. ನಮ್ಮಣ್ಣನನ್ನು ಇಳಿಸಬೇಕು.”

ಏಣಿಯನ್ನು ದೊರೆಯೇ ಹಿಡಿದು ನಿಂತ. ಮಣ್ಣು ಮಾಡಿ ಬಂದ ಮೇಲೆ ದುರುಗ ಉಂಗುರ ತೊಟ್ಟ, ಸೂತಕ ಕಳೆದ ಮೇಲೆ ನೀಲಮ್ಮಣ್ಣಿಗೆ ತಾಳಿ ಕಟ್ಟಿದ.