ಕಡಲು ದಾಟಿದ ಗೊರವಂಕ

ಕಾಗೆಮರಿಗಳಿಗೆ ಮನುಷ್ಯರ ಮಾತು ಕಲಿಸಲು ಗೊರವಂಕವೊಂದು ಕಡಲು ದಾಟಿ ನರಿಯ ಶಾಲೆಗೆ ಬಂತು. ಬೆಚ್ಚನೆಯ ಗೂಡು ಕೊಡುವೆನೆಂದಿದ್ದ ನರಿ, ಅದು ಬಿಟ್ಟುಹೋಗದಂತೆ ರೆಕ್ಕೆ ಕತ್ತರಿಸಿ ಸೋರುವ ಪೊಟರೆಗೆ ತಳ್ಳಿತು. ಗೊರವಂಕ ಒದ್ದೆ ಮೈಯಲ್ಲೇ ಪಾಠ ಮಾಡಿತು.

“‘ನಮಸ್ಕಾರ’ ಒಂದನ್ನೇ ಕಲಿಸಿ, ಮೇಡಂ. ಎಲ್ಲ ಕಲಿತುಬಿಟ್ಟರೆ ಮುಂದಿನ ವರ್ಷ ಯಾರು ಬರುತ್ತಾರೆ?” ಎಂದಿತು ನರಿ.

“ನೀವು ನನಗೆ ಮೋಸ ಮಾಡಿದಿರೆಂದು ನಾನು ಮರಿಗಳಿಗೆ ಮೋಸ ಮಾಡಲೇ, ಯಜಮಾನರೇ?” ಎಂದ ಗೊರವಂಕ ತನಗೆ ಬಂದ ಮಾತನ್ನೆಲ್ಲ ಕಲಿಸಿತು.

ನರಿ ಸಿಟ್ಟಿನಿಂದ ಅದನ್ನು ಹೊರಗಟ್ಟಿತು. ಹಾರಲಾಗದ ಗೊರವಂಕ ಕಡಲ ದಂಡೆಯಲ್ಲಿ ಒಂಟಿಯಾಗಿ ಕುಳಿತಿತು. ಬೆಳಗಾದಾಗ ಮರಿಗಳೆಲ್ಲ ತಾಯಂದಿರೊಡನೆ ಅಲ್ಲಿಗೇ ಬಂದವು.

“ಇಲ್ಲಿ ಶಾಲೆಯಿಲ್ಲವಲ್ಲ!” ಎಂದಿತು ಗೊರವಂಕ.

“ನೀವು ಕೂತಲ್ಲೇ ನಮ್ಮ ಮಕ್ಕಳ ಶಾಲೆ, ಟೀಚರ್,” ಎಂದು ಮುದಿ ಕಾಗೆಯೊಂದು ತಲೆಬಾಗಿತು.