ದಾಸವಾಳದ ಬುಡಕ್ಕೆ ಸುರಿದ ಕಷಾಯ

ಹೊಳೆದಂಡೆಯ ಮಠದಲ್ಲಿ ಶಾಂತವೀರ ಹನ್ನೊಂದು ವರ್ಷದಿಂದ ಜ್ವರದ ಕಷಾಯ ಕುದಿಸುತ್ತಿದ್ದ. ಕುಡಿದವರು ಎದ್ದು ಓಡಾಡುತ್ತಾರೆ ಎಂದು ಅದಕ್ಕೆ ಹೆಸರು.

ದಿವಾನರು ಮಠಕ್ಕೆ ಬರುವವರಿದ್ದರು. ಈ ಕಷಾಯವನ್ನೇ ನಾಡಿಗೆಲ್ಲ ಕಡ್ಡಾಯ ಮಾಡುವ, ಬೇರೆ ಮದ್ದು ಕೊಟ್ಟವರನ್ನು ಗಡಿ ದಾಟಿಸುವ ಆಜ್ಞೆ ಸಿದ್ಧವಾಗಿತ್ತು. ಮಠದ ಗುರುಗಳ ಮುದ್ರೆ ಬೀಳುವುದೊಂದೇ ಬಾಕಿ.

ಅವರು ಬರುವ ಹಿಂದಿನ ದಿನ ಬೆಳಿಗ್ಗೆ ಊರಿನ ನೀಲವ್ವ ಗುರುಗಳ ಬಳಿ ಬಂದಳು. ಕಂಕುಳಲ್ಲಿ ಕೂಸು, ಮಡಿಲಲ್ಲಿ ಎರಡು ಹೀರೇಕಾಯಿ.

“ಅಜ್ಜಾರ, ಜ್ವರ ಬಿಟ್ಟಿತು. ನಿಮ್ಮ ಉಪಕಾರ ಮರೆಯೋದಿಲ್ಲ. ಆದರೆ ಕಷಾಯ ನಾನು ಕುಡಿಯಲಿಲ್ಲ. ಅಷ್ಟು ಕಹಿ ನಮ್ಮತ್ತೆ ಬಾಯಲ್ಲೂ ಇಲ್ಲ. ದಾಸವಾಳದ ಬುಡಕ್ಕೆ ಸುರಿದೆ.”

ಒಲೆಯ ಮುಂದಿದ್ದ ಶಾಂತವೀರನ ಕಿವಿ ಕೆಂಪಾದವು. “ಮತ್ತೆ ಯಾವ ಉಪಕಾರ?”

“ಮೂರು ದಿನ ಗಂಜಿ ಕುಡಿದು ಮಲಗು ಅಂದಿರಲ್ಲ. ಮಠದ ಮಾತು ಅಂತ ಅತ್ತೆ ತುಟಿ ಬಿಚ್ಚಲಿಲ್ಲ. ಮದುವೆಯಾದ ಮೇಲೆ ಹಗಲಲ್ಲಿ ನನ್ನ ಬೆನ್ನು ನೆಲ ಕಂಡದ್ದು ಅದೇ ಮೊದಲು.”

ಗುರುಗಳು ಅವಳಿಗೆ ಕೈಮುಗಿದರು.

“ಒಬ್ಬಳ ಮಾತು ಕೇಳಿ ನಂಬುವುದೇ, ಗುರುಗಳೇ?” ಎಂದ ಶಾಂತವೀರ.

“ಬೇಡ. ನನ್ನದೂ ಒಬ್ಬನ ಮಾತೇ. ಜ್ವರ ಬಂದ ಮನೆಗಳಿಗೆಲ್ಲ ಹೋಗು. ವಾಸಿಯಾಯಿತೇ ಅಂತಷ್ಟೇ ಅಲ್ಲ, ಕುಡಿದಿರಾ, ಮಲಗಿದಿರಾ ಅಂತಲೂ ಕೇಳು. ಬೈಯದೆ ಕೇಳು.”

ನೀಲವ್ವ ಕಟ್ಟೆಯ ಮೇಲೆ ಕೂತಳು. “ನಾನು ಸುಳ್ಳಿಯೋ ಅಲ್ಲವೋ ತಿಳಿದೇ ಹೋಗುತ್ತೇನೆ.”

ಶಾಂತವೀರ ನಲವತ್ತು ಮನೆ ತಿರುಗಿ ಇಳಿಹೊತ್ತಿಗೆ ಬಂದ. ಗುರುಗಳ ಮುಂದೆ ಕೂತ.

“ಕುಡಿದು ಮಲಗಿದವರು ಎದ್ದಿದ್ದಾರೆ. ಚೆಲ್ಲಿ ಮಲಗಿದವರೂ ಅಷ್ಟೇ ದಿನಕ್ಕೆ ಎದ್ದಿದ್ದಾರೆ. ಕುಡಿದು ಮರುದಿನವೇ ಕಳೆ ಕೀಳಲು ಹೋದವರು ಇನ್ನೂ ನರಳುತ್ತಿದ್ದಾರೆ.”

“ಚೆನ್ನಾಗಿ ಕೇಳಿಕೊಂಡು ಬಂದೆ,” ಎಂದರು ಗುರುಗಳು. “ನಾಳೆ ದಿವಾನರಿಗೂ ಹೀಗೇ ಹೇಳು.”

“ಅವರು ಬರುವುದು ಮುದ್ರೆಗೆ.”

“ಹಾಕೋಣ. ಜ್ವರ ಬಂದವರನ್ನು ಮೂರು ದಿನ ಯಾರೂ ಎಬ್ಬಿಸಬಾರದು ಎಂದು ಬರೆದು ತಂದರೆ.”

“ಅದಕ್ಕೆ ಯಾವ ಯಜಮಾನ ಒಪ್ಪುತ್ತಾನೆ? ಕಷಾಯವಾದರೆ ಎಲ್ಲರೂ ಒಪ್ಪುತ್ತಾರೆ.”

“ಅದಕ್ಕೇ ಇಷ್ಟು ವರ್ಷ ನಾವೂ ಒಪ್ಪಿದ್ದು.”

ಶಾಂತವೀರ ಒಲೆಯ ಮೇಲಿನ ಹಂಡೆಯನ್ನು ಇಳಿಸಿದ. ಹನ್ನೊಂದು ವರ್ಷದ ಹೊಗೆ ಈಗ ಕಣ್ಣಿಗೆ ಹತ್ತಿದಂತಾಯಿತು. ಬೆಂಕಿ ಆರಿಸಲು ಚೊಂಬು ಎತ್ತಿದ.

“ಆರಿಸಬೇಡಪ್ಪ,” ಎಂದರು ಗುರುಗಳು. “ಗಂಜಿಗಿಡು. ನಮಗೆ ಪಾಠ ಹೇಳಿದವಳು ಬೆಳಗಿನಿಂದ ಹಸಿದು ಕೂತಿದ್ದಾಳೆ.”