ಮೊದಲ ಗುಂಡಿನ ರುಮಾಲು

“ಗುರುಗಳೇ, ನನ್ನ ಗೆಳೆಯ ಅಡುಗೆಮನೆಯ ತುಪ್ಪ ಕದ್ದದ್ದು ನಿಜ. ಅದನ್ನೇ ನಾನು ಊಟದ ಪಂಕ್ತಿಯಲ್ಲಿ ಎಲ್ಲರ ಎದುರು ಹೇಳಿದೆ. ಅವನು ತಿದ್ದಿಕೊಳ್ಳುವ ಬದಲು ಮಠ ಬಿಟ್ಟು ಹೋದ. ನಿಜ ಹೇಳಿದ್ದರಲ್ಲಿ ನನ್ನ ತಪ್ಪೇನು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕತೆ ಹೇಳಿದರು.

ಕಾಡಂಚಿನ ಊರೊಂದರಲ್ಲಿ ಒಂಟಿ ಕಾಡುಕೋಣವೊಂದು ಇಬ್ಬರನ್ನು ತಿವಿದು ಕೊಂದಿತ್ತು. ಜನ ಗದ್ದೆಗೆ ಇಳಿಯುವುದನ್ನೇ ಬಿಟ್ಟಿದ್ದರು. ಊರಿನವರು ಇಬ್ಬರು ಬೇಟೆಗಾರರನ್ನು ಕರೆಸಿದರು. ಯಾರ ಗುಂಡು ಮೊದಲು ತಗಲುವುದೋ ಅವನ ತಲೆಗೆ ಗೌರವದ ರುಮಾಲು ಸುತ್ತುವುದು ಅಲ್ಲಿಯ ಪದ್ಧತಿ. ಪ್ರಾಣಿ ಸತ್ತಿತೋ ಇಲ್ಲವೋ ಎಂದು ಆ ಪದ್ಧತಿ ಕೇಳುತ್ತಿರಲಿಲ್ಲ.

ಒಬ್ಬ ಬೇಟೆಗಾರ ಹೆಜ್ಜೆ ಗುರುತು ಬಲ್ಲ ಮುದುಕನೊಬ್ಬನನ್ನು ಕರೆದುಕೊಂಡು ಹೊರಟ. ಬಿದಿರಿನ ಮೆಳೆಯಲ್ಲಿ ಕೋಣ ಸಿಕ್ಕಿತು. ಅದು ಇವರಿಗೆ ಬೆನ್ನು ಹಾಕಿ ಮೇಯುತ್ತಿತ್ತು. ಬೇಟೆಗಾರ ಕೋವಿ ಎತ್ತಿದ.

ಮುದುಕ ಅವನ ಮೊಣಕೈ ಹಿಡಿದ. “ತಡೀರಿ. ಹಿಂದಿನಿಂದ ಹೊಡೆದ್ರೆ ಗುಂಡು ಹೊಟ್ಟೇಲೇ ನಿಲ್ಲುತ್ತೆ, ಎದೆ ಮುಟ್ಟೋದಿಲ್ಲ. ಅದು ಅಡ್ಡ ತಿರುಗ್ಲಿ. ಮುಂಗಾಲು ಮುಂದಿಟ್ಟಾಗ ಭುಜದ ಹಿಂದೆ, ಸ್ವಲ್ಪ ಕೆಳಗೆ ಹೊಡೀರಿ.”

ಬೇಟೆಗಾರನಿಗೆ ಇದೆಲ್ಲ ಗೊತ್ತಿತ್ತು. ಹೊಸಬನೇನಲ್ಲ. ಆದರೆ ಇನ್ನೊಬ್ಬ ಬೇಟೆಗಾರ ಹಳ್ಳದ ಆಚೆಗಿದ್ದ. ಕೋಣ ಯಾವಾಗ ತಿರುಗುತ್ತದೋ, ಅಷ್ಟರಲ್ಲಿ ಅವನ ಕೋವಿ ಸದ್ದು ಮಾಡಿದರೆ? ತಲೆಗೇರಬೇಕಾದ ರುಮಾಲು ಕೈತಪ್ಪುತ್ತದೆಂಬ ದಿಗಿಲು ಅವನಿಗೆ. ಹೊಡೆದೇಬಿಟ್ಟ. ಗುಂಡು ತಗಲಿತು. ಕೋಣ ಒಮ್ಮೆ ಮುಗ್ಗರಿಸಿ ಮೆಳೆ ನುಗ್ಗಿ ಹೋಯಿತು.

ಎಲೆಯ ಮೇಲೆ ರಕ್ತ ಬಿದ್ದಿತ್ತು. ಮುದುಕ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ. ರಕ್ತ ಕಪ್ಪಗಿತ್ತು, ಅದರಲ್ಲಿ ಅರೆದ ಹುಲ್ಲಿನ ಚೂರುಗಳಿದ್ದವು. “ಹೊಟ್ಟೆಗೇ ಬಿದ್ದಿದೆ. ಇನ್ನೆರಡು ದಿನ ಇದು ಸಾಯೋದಿಲ್ಲ, ಎದುರಿಗೆ ಬಂದವರನ್ನ ಬಿಡೋದೂ ಇಲ್ಲ. ಹೊಡೆದವರು ನೀವು, ಹಿಂದೆ ಹೋಗಿ ಮುಗಿಸ್ಬೇಕು.”

“ತಗಲಿದೆಯಲ್ಲ, ಇನ್ನೇನು?” ಎಂದು ಬೇಟೆಗಾರ ರಕ್ತದ ಎಲೆಯನ್ನು ಕಿತ್ತು ಊರಿಗೆ ತಂದ. ಊರಿನವರು ಎಲೆ ನೋಡಿದರು, ರುಮಾಲು ಸುತ್ತಿದರು. ಅವನು ಬಹಳ ಚೆನ್ನಾಗಿ ಕಾಣುತ್ತಿದ್ದನಂತೆ.

ಹಳ್ಳದ ದಾರಿಯಲ್ಲಿ ಹೆಂಗಸರು ನೀರಿಗೆ ಹೋಗುತ್ತಾರೆಂದು ಮುದುಕನಿಗೆ ಮನಸ್ಸು ತಡೆಯಲಿಲ್ಲ. ಬರಿಗೈಯಲ್ಲೇ ರಕ್ತದ ಜಾಡು ಹಿಡಿದು ಹೋದ. ಮರುದಿನ ಜನ ಅವನ ಹೆಣವನ್ನು ಹೊತ್ತು ತಂದರು. ಬೇಟೆಗಾರ ರುಮಾಲು ಬಿಚ್ಚಿ ಹಿಂದಕ್ಕೆ ಕೊಡಲು ಹೋದ. ಕೊಟ್ಟದ್ದನ್ನು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಎಂದರು ಊರಿನವರು.

ಶಿಷ್ಯನಿಗೆ ಸಿಟ್ಟು ಬಂತು. “ಅವನೆಂಥ ಬೇಟೆಗಾರ, ಗುರುಗಳೇ! ಹೊಡೆಯಬಾರದ ಕಡೆಯಿಂದ ಹೊಡೆದ, ಹೋಗಲಿ. ಗಾಯಗೊಂಡದ್ದು ಎಲ್ಲಿಗೆ ಹೋಯಿತೆಂದಾದರೂ ನೋಡಬೇಡವೇ?”

ಗುರುಗಳು ಕೇಳಿದರು: “ನಿನ್ನ ಗೆಳೆಯ ಎಲ್ಲಿಗೆ ಹೋದ?”